ವಾಲ್ವು ಧ್ವನಿವರ್ಧಕ: ಅದರ ರೋಗ ಮತ್ತು ಚಿಕಿತ್ಸೆ

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಯಂತ್ರದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಕೆಲವರಿಗೆ ನಗು ಬಂದೀತು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನಾನು ಓದುತ್ತಿರುವ ವಿಷಯಗಳು. ವಿದ್ಯುತ್ತಿನ ಬಗ್ಗೆ ಪ್ರೌಢಶಾಲೆಯಲ್ಲಿ ಕಲಿತದ್ದಷ್ಟೇ ನನ್ನ ಬಂಡವಾಳ. ಆದರೂ ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಅಟ್ಟದ ಮೇಲಿದ್ದ ಒಂದು ಹಳೆಯ ಯಂತ್ರ ನನಗೆ ಗುರುವಾಯಿತು. ಅದರಿಂದ ಕಲಿತದ್ದನ್ನು ಸಹಪಾಠಿಗಳ ಮುಂದೆ ಇಡಬೇಕೆಂಬ ಆಸೆಯಿಂದ ಈ ಲೇಖನ ಬರೆದಿದ್ದೇನೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ಆ ಯಂತ್ರ ಒಂದು ವಾಲ್ವಿನ ಧ್ವನಿವರ್ಧಕ. ನಮ್ಮ ಹಳ್ಳಿಯವರ ಬಾಯಲ್ಲಿ ಅದು 'ಮೈಕಸೆಟ್ಟಿನ ಮಶೀನು'. ಅದು ನನ್ನ ತಾಯಿಯ ತಂದೆಯದು. ಅಜ್ಜ ಹುಕ್ಕೇರಿ ತಾಲೂಕಿನ ಒಂದು ಸಣ್ಣ ಹಳ್ಳಿಯವನು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಆಗ ಪ್ರಯೋಗಾರ್ಥವಾಗಿ ಆರಂಭವಾದ ಐದು ಇಂಥ ಸಂಘಗಳಲ್ಲಿ ಅದೂ ಒಂದೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ನೆನಪಿರಬೇಕಾದ ಸಂಗತಿ. ಊರಿಗೆ ದೀಪ ಬಂದ ಮೇಲೆ, 1974ರಲ್ಲಿ, ಅಜ್ಜ ತನ್ನ ಜೋಡೆತ್ತುಗಳಲ್ಲಿ ಒಂದನ್ನು ಮಾರಿ ಈ ಯಂತ್ರವನ್ನೂ ಎರಡು ಹಾರ್ನುಗಳನ್ನೂ ಕೊಂಡನಂತೆ. ಒಂದೇ ಎತ್ತು ಉಳಿದ ಒಕ್ಕಲಿಗನನ್ನು ಊರು ಆಡಿಕೊಂಡಿತು. ಆದರೆ ಮದುವೆ, ಜಾತ್ರೆ, ಚುನಾವಣೆಯ ಭಾಷಣ ಎಲ್ಲಕ್ಕೂ ಅಜ್ಜನ ಮಶೀನೇ ಬೇಕಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಅದು ಶ್ರೀಕೃಷ್ಣ ಪಾರಿಜಾತದ ಆಟಗಳಲ್ಲಿ ದುಡಿಯಿತು. ಈ ಆಟಕ್ಕೆ ಈಗಿನ ರೂಪ ಕೊಟ್ಟ ಕುಲಗೋಡ ತಮ್ಮಣ್ಣ ನಮ್ಮ ಸೀಮೆಯವರು. ಕುಲಗೋಡ ಈಗ ಮೂಡಲಗಿ ತಾಲೂಕಿನಲ್ಲಿದೆ. ಆ ಆಟವನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮನ ಹೆಸರನ್ನು ಇಲ್ಲಿ ಕೇಳದವರಿಲ್ಲ. ರಾತ್ರಿಯಿಡೀ ನಡೆಯುವ ಆಟದಲ್ಲಿ ಸತ್ಯಭಾಮೆಯ ದನಿ ಹಿಂದಿನ ಸಾಲಿನ ಮುದುಕಿಗೂ ಕೇಳಬೇಕು. ಆ ಹೊಣೆ ಅಜ್ಜನದಾಗಿತ್ತು.

ಕಾಲ ಬದಲಾಯಿತು. ಹಗುರವಾದ, ಬ್ಯಾಟರಿಯಿಂದಲೂ ನಡೆಯುವ ಟ್ರಾನ್ಸಿಸ್ಟರ್ ಯಂತ್ರಗಳು ಬಂದವು. ಅಜ್ಜನ ಮಶೀನು ಮೂಲೆ ಸೇರಿತು. ಅಜ್ಜಿ ತೀರಿದ ಮೇಲೆ ಅಜ್ಜ ಮೂಡಲಗಿ ಕಡೆಯ ನಮ್ಮ ಹಳ್ಳಿಗೆ ಬರುವಾಗ ಒಂದು ಟ್ರಂಕನ್ನೂ ಈ ಯಂತ್ರವನ್ನೂ ಮಾತ್ರ ತಂದ. ಕಳೆದ ವರ್ಷ ಮನೆಯಲ್ಲಿ ಹಣದ ಅಡಚಣೆಯಾಯಿತು. ನನ್ನ ಪರೀಕ್ಷೆಯ ಶುಲ್ಕ ತುಂಬುವ ದಿನವೂ ಹತ್ತಿರ ಬಂದಿತ್ತು. ಒಂದು ಊರಿನ ರಿಪೇರಿ ಅಂಗಡಿಯವರಿಗೆ ಅಪ್ಪ ಯಂತ್ರವನ್ನು ತೋರಿಸಿದ. "ವಾಲ್ವು ಎಲ್ಲಾ ವೇಸ್ಟ್. ತಾಮ್ರ, ಕಬ್ಬಿಣದ ತೂಕಕ್ಕ ಎಂಟುನೂರು ಕೊಡತೀನಿ" ಎಂದರಂತೆ. ಅಜ್ಜ ಏನೂ ಮಾತಾಡಲಿಲ್ಲ. ಆ ರಾತ್ರಿ ಊಟವನ್ನೂ ಮಾಡಲಿಲ್ಲ. "ಅಪ್ಪಾ, ಒಂದು ತಿಂಗಳು ತಡಿ" ಎಂದು ನಾನು ಕೇಳಿಕೊಂಡೆ. ಶುಲ್ಕಕ್ಕೆ ಅವ್ವ ಸ್ವಸಹಾಯ ಸಂಘದಿಂದ ಸಾಲ ತೆಗೆದಳು. ಹೀಗೆ ನನಗೆ ಒಂದು ತಿಂಗಳು ಸಿಕ್ಕಿತು.

ಕೇಳಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಸಹಪಾಠಿಯೊಬ್ಬಳ ಅಣ್ಣ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಅವನು ಬಿಟ್ಟುಹೋದ ವಿದ್ಯುತ್ ಗಿಟಾರನ್ನು ಆಕೆ ಬಾರಿಸುತ್ತಾಳೆ. ಯಂತ್ರವಿಲ್ಲದೆ ಆ ಗಿಟಾರಿನ ದನಿ ಸೊಳ್ಳೆಯ ದನಿಗಿಂತ ಹೆಚ್ಚಲ್ಲ. ಗಿಟಾರಿನವರು ಇಂದಿಗೂ ವಾಲ್ವಿನ ಯಂತ್ರವನ್ನೇ ಹುಡುಕುತ್ತಾರೆ, ಹೊಸದಾಗಿ ಕೊಂಡರೆ ಹತ್ತಾರು ಸಾವಿರವಾಗುತ್ತದೆ ಎಂದು ಆಕೆಯೇ ನನಗೆ ಹೇಳಿದಳು. ಗೋಕಾಕದಲ್ಲಿ ಹಿಂದೆ ರೇಡಿಯೋ ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರು ತಮ್ಮ ಮೀಟರನ್ನು ಎರವಲು ಕೊಟ್ಟು, ದಾರಿ ತೋರಿಸಲು ಒಪ್ಪಿದರು. "ನಾನು ಹತ್ತರ ಇದ್ದಾಗ ಮಾತ್ರ ಕರೆಂಟು ಕೊಡಬೇಕು" ಎಂಬುದು ಅವರ ಕರಾರು.

ಇನ್ನು ವಿಷಯಕ್ಕೆ ಬರುತ್ತೇನೆ. ವಾಲ್ವು ಎಂದರೇನು? ಗಾಳಿಯನ್ನು ಪೂರ್ತಿ ಹೊರತೆಗೆದ ಗಾಜಿನ ಬುರುಡೆ. ಅದರೊಳಗೆ ಒಂದು ಲೋಹದ ಕೊಳವೆ ಕಾಯುತ್ತದೆ. ಇದಕ್ಕೆ ಕ್ಯಾಥೋಡು ಎಂದು ಹೆಸರು. ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಹೊಮ್ಮುತ್ತವೆ. ಸುತ್ತಲಿರುವ ತಗಡಿಗೆ, ಅಂದರೆ ಪ್ಲೇಟಿಗೆ, ಹೆಚ್ಚಿನ ಧನ ವೋಲ್ಟೇಜು ಕೊಟ್ಟರೆ ಅವು ಆ ಕಡೆ ಹರಿಯುತ್ತವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಇಷ್ಟನ್ನು ಸಾಧಿಸಿದನು. 1906ರಲ್ಲಿ ಅಮೆರಿಕದ ಡಿ ಫಾರೆಸ್ಟ್ ಈ ಎರಡರ ನಡುವೆ ಮೂರನೆಯದೊಂದು ತಂತಿಯ ಜಾಲರಿಯನ್ನು ಇಟ್ಟನು. ಅದೇ ಗ್ರಿಡ್ಡು. ವರ್ಧನೆಯ ಗುಟ್ಟೆಲ್ಲ ಈ ಜಾಲರಿಯಲ್ಲಿದೆ.

ನಮ್ಮ ಕಡೆಯವರಿಗೆ ಇದನ್ನು ತಿಳಿಯುವುದು ಸುಲಭ. ಹಿಡಕಲ್ಲಿನ ಜಲಾಶಯವನ್ನು ನೆನೆಯಿರಿ. ಒಳಗೆ ನಿಂತ ನೀರಿನ ಬಲ ಅಪಾರ. ಆದರೆ ಕಾಲುವೆಯ ತೂಬಿನ ಬಾಗಿಲನ್ನು ಒಬ್ಬನೇ ಮನುಷ್ಯ ಚಕ್ರ ತಿರುಗಿಸಿ ಏರಿಸಬಲ್ಲ, ಇಳಿಸಬಲ್ಲ. ಅವನ ತೋಳಿನ ಸಣ್ಣ ಬಲ ದೊಡ್ಡ ಹರಿವನ್ನು ಆಳುತ್ತದೆ. ಗ್ರಿಡ್ಡು ಆ ತೂಬಿನ ಬಾಗಿಲು. ಮೈಕಿನಿಂದ ಬರುವ ಅತ್ಯಲ್ಪ ವಿದ್ಯುತ್ತು ಚಕ್ರ ತಿರುಗಿಸುವ ಕೈ. ಪ್ಲೇಟಿನ ಕಡೆಗೆ ಹರಿಯುವುದು ಕಾಲುವೆಯ ನೀರು. ಮಾತಿನ ಏರಿಳಿತದಂತೆ ಬಾಗಿಲು ಏರಿಳಿಯುತ್ತದೆ, ಹರಿವೂ ಹಾಗೆಯೇ ಹೆಚ್ಚುಕಡಿಮೆಯಾಗುತ್ತದೆ. ವಾಲ್ವು ಎಂಬ ಇಂಗ್ಲಿಷ್ ಮಾತಿಗೂ ಕವಾಟವೆಂದೇ ಅರ್ಥ. ವೋಲ್ಟು ಎಂದರೆ ನೀರು ಬೀಳುವ ಎತ್ತರ, ಆಂಪಿಯರು ಎಂದರೆ ನೀರಿನ ಪ್ರಮಾಣ ಎಂದುಕೊಂಡರೆ ಉಳಿದದ್ದೂ ತಿಳಿಯುತ್ತದೆ. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 170 ಅಡಿ ಕೆಳಗೆ ಬೀಳುತ್ತಾಳೆ. ಎತ್ತರವಿರುವ ಕಡೆ ಸ್ವಲ್ಪ ನೀರಿಗೂ ಬಲವಿರುತ್ತದೆ. ಅದೇ ಕಾರಣಕ್ಕೆ ಅಪಾಯವೂ ಇರುತ್ತದೆ.

ಅಜ್ಜನ ಯಂತ್ರದಲ್ಲಿ ಐದು ವಾಲ್ವುಗಳಿವೆ. ಎರಡು ಚಿಕ್ಕವು, ಇಸಿಸಿ 83 ಎಂಬ ಜಾತಿಯವು. ಮೈಕಿನ ಸಣ್ಣ ಸದ್ದನ್ನು ಮೊದಲು ಹಿಗ್ಗಿಸುವುದು, ಆಮೇಲೆ ಅದನ್ನು ಒಂದಕ್ಕೊಂದು ತಿರುಗುಮುರುಗಾದ ಎರಡು ಪಾಲಾಗಿ ಒಡೆಯುವುದು ಇವುಗಳ ಕೆಲಸ. ಎರಡು ದೊಡ್ಡವು ಇಎಲ್ 34. ಗರಗಸ ಎಳೆಯುವ ಇಬ್ಬರು ಬಡಿಗರಂತೆ ಒಂದು ಎಳೆದಾಗ ಇನ್ನೊಂದು ಬಿಡುತ್ತದೆ. ಹೀಗೆ ಇಬ್ಬರೂ ಸೇರಿ ಹಾರ್ನಿಗೆ ಬಲ ಕೊಡುತ್ತವೆ. ಐದನೆಯದು ಜಿಜೆಡ್ 34. ಇದು ಹಿಂದುಮುಂದು ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಚಿಕ್ಕ ವಾಲ್ವಿನ ಮೇಲೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನ ಗುರುತು ಮಸುಕಾಗಿ ಕಾಣುತ್ತಿತ್ತು. ಆ ಕಾರ್ಖಾನೆ 1961ರಲ್ಲಿ ಇಂಥ ವಾಲ್ವುಗಳನ್ನು ಮಾಡತೊಡಗಿತು. ಇಂದು ಹೊಸವು ಬೇಕೆಂದರೆ ರಷ್ಯ, ಚೀನ ಅಥವಾ ಸ್ಲೊವಾಕಿಯದಿಂದ ಬರಬೇಕು.

ಚಿಕಿತ್ಸೆಗೆ ಮುಂಚೆ ಎಚ್ಚರಿಕೆಯ ಮಾತು. ಈ ಯಂತ್ರದೊಳಗೆ 400 ವೋಲ್ಟಿಗೂ ಮಿಕ್ಕ ಏಕಮುಖ ವಿದ್ಯುತ್ತು ಓಡಾಡುತ್ತದೆ. ವಿದ್ಯುತ್ತನ್ನು ತುಂಬಿಡುವ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೂ ಬಹಳ ಹೊತ್ತು ಆ ಬಲವನ್ನು ಹಿಡಿದಿಟ್ಟುಕೊಂಡಿರಬಲ್ಲವು. ಸತ್ತಂತೆ ಬಿದ್ದ ಹಾವಿನ ಹಾಗೆ. ಆದುದರಿಂದ ಪ್ರತಿಸಲವೂ ಪ್ಲಗ್ಗು ಕಿತ್ತು, 10 ಕಿಲೋ ಓಮಿನ, 10 ವ್ಯಾಟಿನ ರೆಸಿಸ್ಟರೊಂದನ್ನು ಹೊದಿಕೆಯುಳ್ಳ ತಂತಿಗಳಿಂದ ಕೆಪಾಸಿಟರಿಗೆ ಹತ್ತಿಸಿ ಖಾಲಿ ಮಾಡಬೇಕು. ಬಳಿಕ ಮೀಟರು ಹಿಡಿದು ಸೊನ್ನೆಗೆ ಬಂದುದನ್ನು ನೋಡಿಯೇ ಕೈಹಾಕಬೇಕು. ಕರೆಂಟು ಇರುವಾಗ ಅಳೆಯಬೇಕಾದರೆ ಒಂದು ಕೈ ಬೆನ್ನ ಹಿಂದೆ ಇರಬೇಕು. ಎರಡೂ ಕೈ ತಾಗಿದರೆ ವಿದ್ಯುತ್ತಿನ ದಾರಿ ಎದೆಯ ಮೂಲಕ ಹಾಯುತ್ತದೆ. ಅಜ್ಜನ ಬಲಗೈ ಹೆಬ್ಬೆರಳಿನಲ್ಲಿ ಕಾಳಿನಷ್ಟು ದೊಡ್ಡ ಬಿಳಿ ಕಲೆಯೊಂದಿದೆ. ಅದು ಯಾಕೆಂದು ನಾನು ಚಿಕ್ಕಂದಿನಿಂದ ಕೇಳಿದರೂ ಹೇಳಿರಲಿಲ್ಲ. ಈ ಪಾಠವನ್ನು ನಾನು ಓದಿ ಹೇಳಿದ ದಿನ ತಾನಾಗಿ ತೋರಿಸಿದ.

ಮೊದಲ ಹಂತ ಬರೀ ಕಣ್ಣಿನದು. ತಳದ ತಗಡನ್ನು ಬಿಚ್ಚಿ, ಜೇಡರಬಲೆ ತೆಗೆದು, ಎಲ್ಲವನ್ನೂ ನೋಡಿ ಒಂದು ನೋಟುಪುಸ್ತಕದಲ್ಲಿ ಚಿತ್ರ ಬರೆದುಕೊಂಡೆ. ಇದಕ್ಕೆ ಎಂಟು ಸಂಜೆಗಳು ಹಿಡಿದವು. ಎದ್ದು ಕಂಡ ದೋಷ ಫ್ಯೂಜಿನದು. ಫ್ಯೂಜಿನ ಗಾಜಿನ ನಳಿಗೆಯ ಮೇಲೆ ದಪ್ಪ ತಾಮ್ರದ ತಂತಿ ಸುತ್ತಿತ್ತು. ಅಂದರೆ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಒಳಗೆ ಏನೇ ಕೆಟ್ಟರೂ ಫ್ಯೂಜು ಹೋಗುವುದಿಲ್ಲ, ಟ್ರಾನ್ಸ್‌ಫಾರ್ಮರು ಸುಟ್ಟುಹೋಗುತ್ತದೆ. ಯಾವನೋ ತಿಳಿಗೇಡಿ ರಿಪೇರಿಯವನ ಕೆಲಸವೆಂದು ನಾನು ಬೈದೆ.

ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ಮೆಲ್ಲಗೆ ಹೇಳಿದ: "ಯವ್ವಾ, ಅದು ನಾನಽ ಸುತ್ತಿದ್ದು. ಪಾರಿಜಾತ ನಡೆದಿತ್ತು. ನಡುರಾತ್ರ್ಯಾಗ ಫ್ಯೂಜ್ ಹೋತು. ಇನ್ನೊಂದು ಹಾಕಿದೆ, ಅದೂ ಹೋತು. ಮಂದಿ ಮಕ್ಕಳನ್ನ ಕಟಗೊಂಡು ಕುಂತಿತ್ತು. ಆಟ ನಿಲ್ಲಸಾಕ ಬರತಿತ್ತೇನು? ಸುಟ್ಟರ ನನ್ನ ಮಶೀನು ಸುಡಲಿ ಅಂದೆ."

ನಾನು ತಲೆ ತಗ್ಗಿಸಿದೆ. ತಂತಿ ಸುತ್ತಿದ್ದು ತಪ್ಪೇ. ಆದರೆ ತಪ್ಪಿನ ಹಿಂದಿನ ಕಾರಣವನ್ನು ಕೇಳದೆ ತೀರ್ಪು ಕೊಟ್ಟದ್ದು ನನ್ನ ತಪ್ಪು. ಇತಿಹಾಸದ ತರಗತಿಯಲ್ಲಿ ಗುರುಗಳು ಹೇಳುವುದೂ ಇದನ್ನೇ ಅಲ್ಲವೇ? ಅಜ್ಜನ ಮಾತಿನಲ್ಲಿ ನನಗೊಂದು ಸುಳಿವೂ ಸಿಕ್ಕಿತು. ಎರಡು ಫ್ಯೂಜು ಒಂದಾದ ಮೇಲೊಂದು ಹೋಗಿದ್ದವೆಂದರೆ ಒಳಗೆ ನಿಜವಾದ ರೋಗವೊಂದಿತ್ತು.

ಎರಡನೆಯ ಹಂತ ದೀಪದ ಪರೀಕ್ಷೆ. 100 ವ್ಯಾಟಿನ ಹಳೆಯ ಕಾಲದ ತಂತಿಯ ಬಲ್ಬನ್ನು ಯಂತ್ರದ ದಾರಿಯಲ್ಲಿ ಸೇರಿಸಿ ವಿದ್ಯುತ್ತು ಕೊಡಬೇಕು. ಎಲ್‌ಇಡಿ ಬಲ್ಬು ಇದಕ್ಕೆ ಬಾರದು. ಯಂತ್ರದೊಳಗೆ ಅಡ್ಡದಾರಿ ಇದ್ದರೆ ಬಲ್ಬು ಪೂರ್ತಿ ಉರಿದು ತಾನೇ ಭಾರ ಹೊರುತ್ತದೆ, ಯಂತ್ರ ಉಳಿಯುತ್ತದೆ. ವಾಲ್ವುಗಳನ್ನೆಲ್ಲ ಕಿತ್ತು, ಗೋಕಾಕದ ಹಿರಿಯರ ಎದುರಿನಲ್ಲಿ ಸ್ವಿಚ್ಚು ಒತ್ತಿದೆವು. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಟ್ರಾನ್ಸ್‌ಫಾರ್ಮರು ಬದುಕಿತ್ತು! ಅದು ಸುಟ್ಟಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ, ಯಂತ್ರವೂ ಗುಜರಿಗೆ ಹೋಗುತ್ತಿತ್ತು.

ಮೂರನೆಯದು ಕೆಪಾಸಿಟರುಗಳ ಸರದಿ. ವಿದ್ಯುತ್ತಿನ ಅಲೆಯನ್ನು ಸಮಮಾಡುವ ದೊಡ್ಡ ಡಬ್ಬಿಗಳೊಳಗೆ ಅಲ್ಯೂಮಿನಿಯಮಿನ ಹಾಳೆಯೂ ರಾಸಾಯನಿಕದ ಪಸೆಯೂ ಇರುತ್ತವೆ. ಹಾಳೆಯ ಮೇಲಿನ ಅತಿ ತೆಳುವಾದ ಪೊರೆಯೇ ಅವುಗಳ ಜೀವ. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬಿದ್ದರೆ ಪೊರೆ ಕ್ಷಯಿಸುತ್ತದೆ, ಪಸೆ ಒಣಗುತ್ತದೆ. ನಮ್ಮದರಲ್ಲಿ ಒಂದು ಡಬ್ಬಿಯ ತಲೆ ಉಬ್ಬಿತ್ತು. ಇವುಗಳನ್ನು ಬದಲಿಸಲೇಬೇಕು. ಸಹಪಾಠಿಯ ಅಣ್ಣ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 500 ವೋಲ್ಟು ತಾಳುವ 47 ಮೈಕ್ರೋಫ್ಯಾರಡಿನವನ್ನು ತಂದುಕೊಟ್ಟ. ಇನ್ನೂ ದೊಡ್ಡವನ್ನು ಹಾಕಿದರೆ ಇನ್ನೂ ಚೆನ್ನವೆಂದು ನನಗೆ ತೋರಿತ್ತು. ಅದು ತಪ್ಪು ತಿಳಿವಳಿಕೆ. ಜಿಜೆಡ್ 34 ವಾಲ್ವಿನ ಮುಂದೆ 60 ಮೈಕ್ರೋಫ್ಯಾರಡಿಗಿಂತ ದೊಡ್ಡದನ್ನು ಇಡಬಾರದೆಂದು ಅದನ್ನು ಮಾಡಿದವರೇ ವಿಧಿಸಿದ್ದಾರೆ. ದೊಡ್ಡ ಹಗೇವು ತುಂಬುವಾಗ ಹೊರುವ ಆಳಿನ ಬೆನ್ನು ಮುರಿಯುತ್ತದೆ.

ನಾಲ್ಕನೆಯದು ಫ್ಯೂಜು ಸುಟ್ಟ ರೋಗದ ಮೂಲ. "ಆವತ್ತು ಒಂದು ದೊಡ್ಡ ವಾಲ್ವಿನ ತಗಡು ಕೆಂಪಗ ಕೆಂಡ ಆಗಿತ್ತು" ಎಂದು ಅಜ್ಜ ನೆನಪಿಸಿಕೊಂಡ. ಇದು ಬಹು ಬೆಲೆಯುಳ್ಳ ಸಾಕ್ಷ್ಯ. ಚಿಕ್ಕ ವಾಲ್ವಿನಿಂದ ದೊಡ್ಡ ವಾಲ್ವಿನ ಗ್ರಿಡ್ಡಿಗೆ ಸದ್ದು ದಾಟಬೇಕು, ಆದರೆ ಅಲ್ಲಿರುವ ಏಕಮುಖ ವೋಲ್ಟೇಜು ದಾಟಬಾರದು. ಈ ಜರಡಿಯ ಕೆಲಸ ಮಾಡುವುದು ಒಂದು ಸಣ್ಣ ಕೆಪಾಸಿಟರು. ಅದು ಸೋರತೊಡಗಿದರೆ ಗ್ರಿಡ್ಡಿನ ಋಣ ವೋಲ್ಟೇಜು ಕುಂದುತ್ತದೆ, ತೂಬಿನ ಬಾಗಿಲು ಪೂರ್ತಿ ತೆರೆದುಕೊಳ್ಳುತ್ತದೆ, ಹರಿವು ಮಿತಿಮೀರಿ ಪ್ಲೇಟು ಕೆಂಪಾಗುತ್ತದೆ. ದೊಡ್ಡ ವಾಲ್ವುಗಳನ್ನು ಕಿತ್ತು ಅವುಗಳ ಕುಳಿಯಲ್ಲಿ ಅಳೆದಾಗ ಒಂದರ ಗ್ರಿಡ್ಡಿನಲ್ಲಿ ಋಣ 36 ವೋಲ್ಟು ಇತ್ತು. ಇನ್ನೊಂದರಲ್ಲಿ ಋಣ 9 ಮಾತ್ರ. ಕಳ್ಳ ಸಿಕ್ಕಿಬಿದ್ದ. ಕೆಲವೇ ರೂಪಾಯಿ ಬೆಲೆಯ ಆ ವಸ್ತುವನ್ನು ಎರಡೂ ಕಡೆ ಬದಲಿಸಿದಾಗ ಎರಡೂ ಸಮವಾದವು. ಅಂದು ಕೆಂಪಾದ ವಾಲ್ವು ಸೋತಿತ್ತು. ಆದರೆ ಅಜ್ಜನ ಟ್ರಂಕಿನಲ್ಲಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಜೋಡಿ ಹೊಸ ವಾಲ್ವುಗಳಿದ್ದವು!

ಐದನೆಯದು ಗುಂಯ್‌ಗುಡುವ ರೋಗ. ಇದರಲ್ಲಿ ಎರಡು ಜಾತಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಗುಂಯ್ ಎಂಬ ಸದ್ದು 50ರದಾಗಿದ್ದರೆ ವಾಲ್ವು ಕಾಯಿಸುವ ತಂತಿಯಿಂದಲೋ ನೆಲದ ಜೋಡಣೆಯ ದೋಷದಿಂದಲೋ ಬಂದಿರಬೇಕು. 100ರದಾಗಿದ್ದರೆ ಅಲೆಯನ್ನು ಸಮಮಾಡುವ ಕೆಪಾಸಿಟರಿನಲ್ಲಿ ದೋಷ. ಒಂದೇ ದಿಕ್ಕಿಗೆ ತಿರುಗಿಸುವಾಗ ಎರಡೂ ಅರ್ಧಗಳು ಸೇರಿ ಎಣಿಕೆ ಇಮ್ಮಡಿಯಾಗುತ್ತದೆ. ಇವೆರಡನ್ನೂ ಕಿವಿಯಿಂದ ಹೇಗೆ ಗುರುತಿಸಬೇಕು? ಇಮ್ಮಡಿ ಎಂದರೆ ಮೇಲಿನ ಸಪ್ತಕದ ಅದೇ ಸ್ವರ. ಹಾರ್ಮೋನಿಯಂ ಕೇಳಿ ಬಲ್ಲವರಿಗೆ ಇದು ಕಷ್ಟವಲ್ಲ. ಅಜ್ಜ ಅಕ್ಷರ ಓದಲಾರ. ಆದರೆ ಮೊದಲನೆಯದನ್ನು 'ಗುಂಯ್' ಎಂದೂ ಎರಡನೆಯದನ್ನು 'ಝುಂಯ್' ಎಂದೂ ಕರೆದು, ಪ್ರತಿಸಲವೂ ಸರಿಯಾಗಿಯೇ ಹೇಳಿದ. ಕೆಪಾಸಿಟರು ಬದಲಿಸಿದಾಗ ಝುಂಯ್ ಹೋಯಿತು. ಕಾಯಿಸುವ 6.3 ವೋಲ್ಟಿನ ತಂತಿಗಳೆರಡನ್ನೂ ಹಗ್ಗದಂತೆ ಒಂದಕ್ಕೊಂದು ಹೊಸೆದು, ಎರಡು ತುದಿಗಳಿಂದ 100 ಓಮಿನ ಒಂದೊಂದು ರೆಸಿಸ್ಟರನ್ನು ತಗಡಿಗೆ ಜೋಡಿಸಿದಾಗ ಗುಂಯ್ ಕೂಡ ಬಹುಮಟ್ಟಿಗೆ ಅಡಗಿತು.

ಉಳಿದದ್ದು ಚರಚರ ಸದ್ದು. ದನಿಯ ಗುಂಡಿ ತಿರುಗಿಸಿದಾಗ ಬರುವುದು ಧೂಳಿನಿಂದ. ತೊಳೆಯುವ ದ್ರವ ಹಾಕಿ ಹತ್ತಾರು ಸಲ ತಿರುಗಿಸಿದರೆ ಹೋಗುತ್ತದೆ. ತಾನಾಗಿ ಬರುವುದು ಹಳೆಯ ಇಂಗಾಲದ ರೆಸಿಸ್ಟರುಗಳಿಂದ, ಅವುಗಳನ್ನು ಬದಲಿಸಬೇಕು. ವಾಲ್ವಿನೊಳಗಿನ ಭಾಗ ಸಡಿಲವಾಗಿದ್ದರೆ ಒಣ ಬಿದಿರುಕಡ್ಡಿಯಿಂದ ಮೆಲ್ಲಗೆ ತಟ್ಟಿದಾಗ ಹಾರ್ನಿನಲ್ಲಿ ಟಣ್ ಎನ್ನುತ್ತದೆ. ಪೆನ್ಸಿಲಿನಿಂದ ತಟ್ಟಬಾರದು, ಅದರೊಳಗಿನ ಸೀಸಕಡ್ಡಿಯಲ್ಲಿ ವಿದ್ಯುತ್ತು ಹರಿಯುತ್ತದೆ.

ರೋಗ ಹೋದ ಮೇಲೆ ಸುಧಾರಣೆ. ಮೊದಲನೆಯದಾಗಿ, ಹಳೆಯ ಎರಡೆಳೆಯ ವಾಯರನ್ನು ತೆಗೆದು ಮೂರೆಳೆಯದನ್ನು ಹಾಕಿ, ಮೂರನೆಯ ಎಳೆಯನ್ನು ಯಂತ್ರದ ತಗಡಿಗೆ ಬಿಗಿದೆ. ಆದರೆ ನಮ್ಮ ಮನೆಯ ಗೋಡೆಯ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ! ನೆಲಕ್ಕೆ ಮುಟ್ಟದ ಅರ್ಥಿಂಗು ಹೆಸರಿಗೆ ಮಾತ್ರ. "ಹೆಣ್ಣುಮಗಳಿಗ ಕರೆಂಟಿನ ಸಂಗತಿ ಯಾಕ" ಎಂದು ಅಷ್ಟು ದಿನ ಗೊಣಗುತ್ತಿದ್ದ ಅಪ್ಪ ಅಂದು ಗುದ್ದಲಿ ತೆಗೆದುಕೊಂಡು ತಾನೇ ಹಿತ್ತಲಲ್ಲಿ ಆಳವಾಗಿ ತೆಗ್ಗು ತೋಡಿದ. ಕೊಳವೆ ಇಳಿಸಿ, ಉಪ್ಪು, ಇದ್ದಿಲು ತುಂಬಿ, ತಂತಿಯನ್ನು ಮನೆಯೊಳಗೆ ತಂದೆವು. ಈಗ ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಗೂ ಅದು ಕಾವಲು. ಬೇಸಗೆಯಲ್ಲಿ ದಿನವೂ ಒಂದು ಕೊಡ ನೀರು ಹಾಕುವುದು ಅವ್ವನ ಕೆಲಸ.

ಎರಡನೆಯದಾಗಿ, ತಾಮ್ರದ ತಂತಿಯ ಜಾಗದಲ್ಲಿ 1 ಆಂಪಿಯರಿನ, ನಿಧಾನವಾಗಿ ಸುಡುವ ಜಾತಿಯ ಫ್ಯೂಜು. ಮೂರನೆಯದಾಗಿ, ಟ್ರಾನ್ಸ್‌ಫಾರ್ಮರಿನ ಹೆಣಿಗೆ. ಅದು 220 ವೋಲ್ಟಿಗೆ ಕಟ್ಟಿತ್ತು. ಹಳ್ಳಿಗಳಲ್ಲಿ ಪಂಪುಸೆಟ್ಟು ನಡೆಯುವಾಗ ವೋಲ್ಟೇಜು ಇಳಿದು, ಅವು ನಿಂತಾಗ ಏರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ರಾತ್ರಿ ನನ್ನ ಮೀಟರು 247 ತೋರಿಸಿತು. ಆದುದರಿಂದ 240ರ ಹೆಣಿಗೆಗೆ ಬದಲಿಸಿದೆವು. ನಾಲ್ಕನೆಯದಾಗಿ, ದೊಡ್ಡ ವಾಲ್ವುಗಳ ಕ್ಯಾಥೋಡಿಗೆ 1 ಓಮಿನ ರೆಸಿಸ್ಟರು. ಓಮಿನ ನಿಯಮದಂತೆ ಅಲ್ಲಿ ಎಷ್ಟು ಮಿಲಿವೋಲ್ಟು ಕಂಡರೆ ಅಷ್ಟು ಮಿಲಿಆಂಪಿಯರು ಹರಿಯುತ್ತಿದೆಯೆಂದು ಅರ್ಥ. ಪ್ಲೇಟಿನಲ್ಲಿ 410 ವೋಲ್ಟು, ಹರಿವು 38 ಮಿಲಿಆಂಪಿಯರು. ಗುಣಿಸಿದರೆ ಸುಮಾರು 15.6 ವ್ಯಾಟು. ಇಎಲ್ 34 ತಾಳಬಲ್ಲದ್ದು 25 ವ್ಯಾಟು. ಮೂರರಲ್ಲಿ ಎರಡು ಪಾಲು ದುಡಿಸಿದರೆ ಎತ್ತಿಗೂ ಆಯುಷ್ಯ, ವಾಲ್ವಿಗೂ ಆಯುಷ್ಯ.

ಇನ್ನು ಗಿಟಾರಿನ ವಿಷಯ. ಗಿಟಾರಿನ ಅಯಸ್ಕಾಂತದ ಸುರುಳಿಯಿಂದ ಬರುವ ವಿದ್ಯುತ್ತು ಬಹಳ ನಾಜೂಕು. ಅದನ್ನು ಎಳೆದು ಕುಡಿಯುವ ಬಾಯಿ ಇದ್ದರೆ ದನಿ ಮಂಕಾಗುತ್ತದೆ. ಅದಕ್ಕಾಗಿ ಒಂದು ಒಳದಾರಿಯನ್ನು ಬೇರೆ ಮಾಡಿ, 1 ಮೆಗಾಓಮಿನ ರೆಸಿಸ್ಟರನ್ನೂ ಗ್ರಿಡ್ಡಿನ ಮುಂದೆ 68 ಕಿಲೋ ಓಮಿನದನ್ನೂ ಹಾಕಿದೆವು. ಹಾರ್ನಿನಲ್ಲಿ ಗಿಟಾರು ಬಾರಿಸಬಾರದು. ಅದು ಮಾತಿಗಾಗಿ ಮಾಡಿದ್ದು, ತಗ್ಗು ಸ್ವರಗಳನ್ನು ನುಡಿಯಲಾರದು. 12 ಅಂಗುಲದ ಕಾಗದದ ಸ್ಪೀಕರು ಬೇಕು. ಭಾಷಣದ ಯಂತ್ರಕ್ಕೂ ಗಿಟಾರಿನ ಯಂತ್ರಕ್ಕೂ ರಕ್ತಸಂಬಂಧವಿದೆ. ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1960ರ ದಶಕದ ಆರಂಭದಲ್ಲಿ ಅಮೆರಿಕದ ಫೆಂಡರ್ ಬಾಸ್‌ಮನ್ ಯಂತ್ರದ ಮಾದರಿಯನ್ನು ಅನುಸರಿಸಿ ತನ್ನ ಮೊದಲ ಯಂತ್ರವನ್ನು ಮಾಡಿಸಿದನು. ಮುಂದೆ ಅವನ ಯಂತ್ರಗಳಲ್ಲಿ ಹೆಸರಾದದ್ದು ಇದೇ ಇಎಲ್ 34. ಮಿತಿಮೀರಿ ದುಡಿಸಿದಾಗ ವಾಲ್ವು ಅಲೆಯ ತಲೆಯನ್ನು ಕತ್ತರಿಸದೆ ಮೆಲ್ಲಗೆ ದುಂಡಾಗಿಸುತ್ತದೆ. ಭಾಷಣಕ್ಕೆ ಅದು ದೋಷ, ಗಿಟಾರಿಗೆ ಅದೇ ಭೂಷಣ.

ಕೊನೆಯದಾಗಿ, ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ ಸಂಗತಿ. ಯಂತ್ರದ ಬೆನ್ನಿನಲ್ಲಿ ಹಾರ್ನು ಕಟ್ಟುವ ತಿರುಪುಗಳಿವೆ. ಅವುಗಳ ಮೇಲಿನ 4, 8, 16 ಎಂಬ ಅಂಕಿಗಳು ಅಳಿಸಿಹೋಗಿದ್ದವು. ಆದರೆ ಪ್ರತಿಯೊಂದಕ್ಕೂ ಬಣ್ಣದ ದಾರದ ತುಂಡು ಕಟ್ಟಿತ್ತು. ಅಜ್ಜನನ್ನು ಕೇಳಿದೆ. "ಒಂದು ಹಾರ್ನಿಗೆ ಕೆಂಪು, ಎರಡಕ್ಕ ಹಸರು, ನಾಕಕ್ಕ ಹಳದಿ" ಎಂದ. ಅಳೆದು ನೋಡಿದೆ. ಕೆಂಪು 16 ಓಮು, ಹಸಿರು 8, ಹಳದಿ 4. ಹಾರ್ನೊಂದು 16 ಓಮಿನದು. ಎರಡನ್ನು ಅಕ್ಕಪಕ್ಕ ಜೋಡಿಸಿದರೆ 8, ನಾಲ್ಕನ್ನು ಜೋಡಿಸಿದರೆ 4. ಪುಸ್ತಕದಲ್ಲಿ ನಾನು ಸೂತ್ರವಾಗಿ ಓದಿದ್ದನ್ನು ಅಜ್ಜ ಮೂರು ಎಳೆ ದಾರದಲ್ಲಿ ಬರೆದಿಟ್ಟಿದ್ದ. "ಹಾರ್ನ್ ಇಲ್ಲದ ಮಶೀನು ಚಾಲೂ ಮಾಡಬ್ಯಾಡ" ಎಂಬುದು ಅವನ ಇನ್ನೊಂದು ಮಾತು. ಅದೂ ನಿಜ. ಹೊರೆಯಿಲ್ಲದೆ ದುಡಿಸಿದರೆ ಹೊರಗಡೆಯ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಉಕ್ಕೇರಿ ಅದರ ಸುರುಳಿ ಸುಡುತ್ತದೆ. ನಾನು ಅಂಕಿಗಳನ್ನು ಮತ್ತೆ ಬರೆದೆ, ಆದರೆ ದಾರಗಳನ್ನು ಬಿಚ್ಚಲಿಲ್ಲ.

ಇಷ್ಟಕ್ಕೆಲ್ಲ ನನ್ನ ವಿದ್ಯಾರ್ಥಿವೇತನದಲ್ಲಿ 3,400 ರೂಪಾಯಿ ಖರ್ಚಾಯಿತು. ತಿಂಗಳು ಮುಗಿಯಲು ಎರಡು ದಿನ ಉಳಿದಿದ್ದಾಗ ಸಂಜೆ ಎಲ್ಲರೂ ಸೇರಿದೆವು. ಗೆಳತಿ ಗಿಟಾರನ್ನು ಜೋಡಿಸಿ ಬಾರಿಸಿದಳು. ದನಿ ತುಂಬಿ ಬಂದಿತು. ಓಣಿಯ ಮಕ್ಕಳೆಲ್ಲ ಬಾಗಿಲಿಗೆ ಬಂದರು. ಅಜ್ಜ ಕೇಳಿದ, ತಲೆದೂಗಿದ, ಆದರೆ ಅವನ ಕಣ್ಣು ಮೂಲೆಯಲ್ಲಿದ್ದ ಹಾರ್ನಿನ ಮೇಲೆಯೇ ಇತ್ತು. ಸ್ಪೀಕರನ್ನು ಬಿಚ್ಚಿ, ಕೆಂಪು ದಾರದ ತಿರುಪಿಗೆ ಹಾರ್ನನ್ನು ಕಟ್ಟಿ, ಮೈಕನ್ನು ಅವನ ಕೈಗೆ ಕೊಟ್ಟೆ. ಅಜ್ಜ ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟಿ, "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒಂದ, ಎರಡ, ಮೂರ" ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಟ ಶುರುವಾಗುತ್ತದೆ, ಮಂದಿ ಬಂದು ಕುಳಿತುಕೊಳ್ಳಬೇಕು ಎಂದು ಹಿಂದಿನಂತೆಯೇ ಕೂಗಿ ಹೇಳಿದ. ಆಟ ಇರಲಿಲ್ಲ. ಆದರೂ ಎದುರುಮನೆಯ ಮುದುಕಿಯೊಬ್ಬಳು ಕೌದಿ ಹಿಡಿದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು. ಅಪ್ಪ ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೊರಗೆ ಧ್ವನಿವರ್ಧಕ ಹಚ್ಚಬಾರದೆಂದು 2000ನೆಯ ಇಸವಿಯ ಶಬ್ದಮಾಲಿನ್ಯದ ನಿಯಮಗಳು ಹೇಳುತ್ತವೆ. ಸರಕಾರ ವರ್ಷದ ಕೆಲವೇ ದಿನಗಳಲ್ಲಿ ನಡುರಾತ್ರಿಯವರೆಗೆ ಸಡಿಲಿಸಬಹುದು. ರೋಗಿಗಳ, ಓದುವ ಮಕ್ಕಳ ದೃಷ್ಟಿಯಿಂದ ಇದು ನ್ಯಾಯವೇ. ಹೀಗಾಗಿ ಅಜ್ಜನ ಮಶೀನು ಇನ್ನು ಮೇಲೆ ರಾತ್ರಿಯಿಡೀ ದುಡಿಯಬೇಕಾಗಿಲ್ಲ. ಸಂಜೆ ಒಂದೆರಡು ಗಂಟೆ ನುಡಿದರೆ ಸಾಕು. ಮುಂಬರುವ ನಮ್ಮ ಕಾಲೇಜಿನ ಸ್ನೇಹಸಮ್ಮೇಳನದಲ್ಲಿ ಗೆಳತಿಯ ಗಿಟಾರು ಅದರಲ್ಲಿಯೇ ನುಡಿಯಬೇಕೆಂದು ನಮ್ಮಿಬ್ಬರ ಆಸೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ವಿದ್ಯೆ ನನ್ನಿಂದಲೇ ಮನೆಗೆ ಬಂದಿತೆಂಬ ಒಂದು ಹಮ್ಮು ನನ್ನೊಳಗೆ ಇದ್ದಿತು. ಮೂರು ಎಳೆ ದಾರಗಳು ಅದನ್ನು ಇಳಿಸಿದವು. ಮಿತ್ರರೇ, ನಿಮ್ಮ ಮನೆಗಳ ಅಟ್ಟದ ಮೇಲೂ ಇಂಥ ಒಂದು ವಸ್ತು ಇದ್ದೀತು. ಅದನ್ನು ಬಲ್ಲ ಒಂದು ಜೀವ ಕಟ್ಟೆಯ ಮೇಲೆ ಕುಳಿತಿದ್ದೀತು. ಗುಜರಿಯವನು ಬರುವ ಮುಂಚೆ ಒಮ್ಮೆ ಕೇಳಿರಿ, ಕೇಳಿದ್ದನ್ನು ಬರೆದಿಡಿರಿ. ಆದರೆ ವಾಲ್ವಿನ ಯಂತ್ರವಾದರೆ ಬಲ್ಲವರನ್ನು ಜೊತೆಗಿಟ್ಟುಕೊಂಡೇ ಕೈಹಾಕಿರಿ, ಒಂದು ಕೈ ಬೆನ್ನ ಹಿಂದೆ ಇರಲಿ.